ಬಾಯಲ್ಲಿ ಹೇಳದ ಹೆಸರು

ಇಡೀ ಬೀದಿಗೆ ಅವಳು ಫ್ರೇಮಕ್ಕ. ಫೋಟೋಗಳಿಗೆ ಚೌಕಟ್ಟು ಹಾಕಿಕೊಡುವ ಅಂಗಡಿ ಅವಳದು; ಮುಂದೆ ಅಂಗಡಿ, ಪರದೆ ಸರಿಸಿದರೆ ಹಿಂದೆ ಮನೆ. ಗಾಜು ತಂದು ಇಳಿಸುವವನು ಅವಳನ್ನು ಅಮ್ಮಾ ಎನ್ನುತ್ತಿದ್ದ, ಮರದ ಪಟ್ಟಿ ಮಾರುವವನೂ ಅಮ್ಮಾ ಎನ್ನುತ್ತಿದ್ದ, ತರಕಾರಿಯವನಿಗಂತೂ ಮಾತಿಗೊಂದು ಅಮ್ಮಾ. ಬಸ್ಸು ಓಡಿಸುವ ಗಂಡನಿಗೆ ಅವಳು ‘ಇವಳೇ’. ಹೀಗೆ ಊರಿಗೆ ಊರೇ ಏನಾದರೊಂದು ಹೆಸರಿಟ್ಟು ಕರೆಯುತ್ತಿದ್ದಾಗ ಅವಳನ್ನು ಏನೂ ಅನ್ನದೆ ಇದ್ದವಳು ಒಬ್ಬಳೇ ಒಬ್ಬಳು. ಅವಳು ಗುಬ್ಬಿ, ಗಂಡನ ಮೊದಲ ಹೆಂಡತಿಯ ಮಗಳು. ಆ ತಾಯಿ ಕಾಯಿಲೆಯಿಂದ ತೀರಿಕೊಂಡಿದ್ದಳು.

ಗುಬ್ಬಿ ಕೆಟ್ಟ ಹುಡುಗಿಯೇನಲ್ಲ. ಎಂಟನೇ ಕ್ಲಾಸು, ಓದಿನಲ್ಲಿ ಚುರುಕು, ತಟ್ಟೆ ತೊಳೆ ಅಂದರೆ ಪಕ್ಕದಲ್ಲಿದ್ದ ಲೋಟವನ್ನೂ ತೊಳೆದಿಡುವವಳು. ಶಾಲೆಯಿಂದ ಬಂದವಳು ಅಂಗಡಿಯ ಮೇಜಿನ ಮೂಲೆಯಲ್ಲೇ ಕೂತು ಬರೆಯುತ್ತಿದ್ದಳು. ಆದರೆ ಕರೆಯುವ ಹೊತ್ತು ಬಂದರೆ ಅವಳ ಕಸರತ್ತು ನೋಡಬೇಕು. ಹತ್ತಿರ ಬಂದು ಗಂಟಲು ಸರಿಮಾಡಿಕೊಳ್ಳುವುದು, ‘ಇಲ್ನೋಡಿ’ ಅನ್ನುವುದು, ‘ಕೇಳಿಸ್ತಾ’ ಅನ್ನುವುದು. ಟವೆಲ್ ಮರೆತು ಬಚ್ಚಲಿಗೆ ಹೋದ ದಿನ ಚೊಂಬಿನಿಂದ ಬಕೆಟ್ಟನ್ನು ಬಡಿದಳೇ ಹೊರತು ಬಾಯಿ ಬಿಡಲಿಲ್ಲ. ಫ್ರೇಮಕ್ಕ ಟವೆಲ್ ಕೊಟ್ಟು ಬಂದು ಒಬ್ಬಳೇ ನಕ್ಕಳು, ಆಮೇಲೆ ಅವಳಿಗೆ ನಗು ಬರಲಿಲ್ಲ.

ಒಂದು ದಿನ ಗಿರಾಕಿಯೊಬ್ಬಳು, “ಇವರು ನಿಂಗೇನಾಗ್ಬೇಕು ಪುಟ್ಟಾ?” ಎಂದು ಕೇಳಿದ್ದಕ್ಕೆ ಗುಬ್ಬಿ ತಲೆಯೆತ್ತದೆ, “ನಮ್ಮಪ್ಪನ ಹೆಂಡ್ತಿ” ಎಂದಳು. ಸುಳ್ಳೇನೂ ಅಲ್ಲವಲ್ಲ. ಗಿರಾಕಿ ಕಕ್ಕಾಬಿಕ್ಕಿಯಾದಳು, ಫ್ರೇಮಕ್ಕ ನಕ್ಕು ಮಾತು ತೇಲಿಸಿದಳು, ಆದರೆ ಆ ಗಿರಾಕಿಯ ಫೋಟೋದ ಹಿಂದಿಡುವ ಮೌಂಟ್ ಬೋರ್ಡನ್ನು ಅಳತೆ ತಪ್ಪಿ ಕೊಯ್ದುಬಿಟ್ಟಳು.

ಗಂಡನಿಗೆ ಹೇಳಿದರೆ ಅವನದು ಒಂದೇ ರಾಗ. “ತಲೆ ಕೆಡಿಸ್ಕೋಬೇಡ್ವೇ ಇವಳೇ. ನನ್ನನ್ನೂ ಅವಳು ಏನಾದ್ರೂ ಬೇಕಾದಾಗ ಮಾತ್ರ ಅಪ್ಪಾ ಅಂತಾಳೆ.” ಹೇಳಿ ಅವನು ಡ್ಯೂಟಿಗೆ ಹೊರಟುಹೋಗುತ್ತಿದ್ದ. ಒಳ್ಳೆಯ ಗಂಡಸೇ, ಆದರೆ ಕೆಲವು ವಿಷಯ ಅವನ ತಲೆಗೆ ಹತ್ತುತ್ತಿರಲಿಲ್ಲ.

ಫ್ರೇಮಕ್ಕನಿಗೆ ಬೇಕಾಗಿದ್ದದ್ದು ಒಂದೇ ಒಂದು ಪದ. ತಡವಾಗಿ ಮದುವೆಯಾದವಳು, ಸ್ವಂತ ಮಕ್ಕಳಾಗುವ ವಯಸ್ಸು ದಾಟಿತ್ತು. ಗುಬ್ಬಿಯ ತಾಯಿಯ ಫೋಟೋಕ್ಕೆ ಅಂಗಡಿಯಲ್ಲಿದ್ದ ಅತಿ ಒಳ್ಳೆಯ ಪಟ್ಟಿ ಹಾಕಿ, ನಡುಮನೆಯಲ್ಲಿ ತೂಗುಹಾಕಿ, ಈಗಲಾದರೂ ಅಮ್ಮ ಅಂದಾಳು ಎಂದು ಕಾದಿದ್ದಳು. ಗುಬ್ಬಿ, “ಚೆನ್ನಾಗಿದೆ” ಎಂದು ಹೇಳಿ ಫೋಟೋವನ್ನೇ ನೋಡುತ್ತಾ ನಿಂತಿದ್ದಳು. ದಿನಾ ಬೀದಿಯವರ ಬಾಯಲ್ಲಿ ಕೇಳಿ ಸಾಕಾಗಿಹೋಗಿದ್ದ ಪದವೇ ಅದು. ಈ ಒಂದು ಬಾಯಿಂದ ಬರಲಿಲ್ಲವಲ್ಲ ಎಂದು ಕೊರಗುತ್ತಿದ್ದಳು.

ಅಂಥ ದಿನಗಳಲ್ಲಿ ಮೇಷ್ಟ್ರು ಅಂಗಡಿಗೆ ಬಂದರು. ಪಕ್ಕದ ಬೀದಿಯ ಪ್ರಾರ್ಥನಾ ಮಂದಿರದ ಹಿರಿಯರು ಅವರು, ಒಂದು ಕಾಲಕ್ಕೆ ಹೀಬ್ರೂ ಭಾಷೆ ಕಲಿಸುತ್ತಿದ್ದವರು. ಮಂದಿರದ ಗೋಡೆಗೆ ಸುಣ್ಣ ಬಳಿಸಿದ ಮೇಲೆ ಅದು ಬೋಳು ಬೋಳಾಗಿ ಕಾಣುತ್ತದೆಂದು, ಆ ಭಾಷೆಯ ಶಾಸ್ತ್ರಗ್ರಂಥದಲ್ಲಿ ಬರುವ ದೇವರ ಹೆಸರುಗಳನ್ನು ಅದೇ ಲಿಪಿಯಲ್ಲಿ ದಪ್ಪ ನಿಬ್ಬಿನಲ್ಲಿ ತಾವೇ ಬರೆದು, ಕೆಳಗೆ ಕನ್ನಡದಲ್ಲಿ ಅರ್ಥ ಹಾಕಿ ತಂದಿದ್ದರು. ಫ್ರೇಮಕ್ಕ ಮೊದಲನೆಯ ಹಾಳೆಯನ್ನು ತಲೆಕೆಳಗಾಗಿ ಮೌಂಟಿನ ಮೇಲಿಟ್ಟಳು.

“ಅರ್ಥ ನೋಡ್ಕೊಂಡಾದ್ರೂ ಇಡಬಾರ್ದೇನಮ್ಮಾ, ಕನ್ನಡ ಇಲ್ವಾ ಕೆಳಗೆ?” ಎಂದರು ಮೇಷ್ಟ್ರು.

“ಗಡಿಬಿಡೀಲಿ ನೋಡ್ಲಿಲ್ಲ ಮೇಷ್ಟ್ರೇ. ಇದೇನು ಬರೆದಿರೋದು?”

ಕೇಳಬಾರದಾಗಿತ್ತು. ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. ಚಹಾ ಬಂತು, ಚಹಾ ಆರಿತು, ಮಾತು ಮಾತ್ರ ಮುಗಿಯಲಿಲ್ಲ.

“ಇದು ಎಲೋಹಿಮ್. ಆಕಾಶ, ಭೂಮಿ ಎಲ್ಲ ಉಂಟುಮಾಡಿದೋನು. ಈ ಕಡೆಯದು ಎಲ್ ಶದ್ದಾಯ್. ಇದರ ಅರ್ಥ ಬೆಟ್ಟದ ದೇವರು ಅಂತಾರೆ ಕೆಲವರು, ಎದೆಗೆ ಅವಚ್ಕೊಂಡು ಸಾಕೋನು ಅಂತಾರೆ ಇನ್ನು ಕೆಲವರು. ಪಂಡಿತರು ಇನ್ನೂ ಕಿತ್ತಾಡ್ತಾನೇ ಇದ್ದಾರೆ.”

“ನೀವು ಸರ್ವಶಕ್ತ ಅಂತ ಬರೆದಿದ್ದೀರಲ್ಲ?”

“ಅಷ್ಟೇ ಜಾಗ ಇತ್ತಮ್ಮಾ.”

ಮೇಜಿನ ಮೂಲೆಯಲ್ಲಿ ಗುಬ್ಬಿ ಕಿಸಕ್ಕನೆ ನಕ್ಕಳು. ಮೇಷ್ಟ್ರಿಗೆ ಹುರುಪು ಬಂತು. ಇನ್ನೊಂದು ಹಾಳೆ ತೆಗೆದು ಅವಳ ಕಡೆಗೇ ಹಿಡಿದರು. “ಈ ಹೆಸರು ಇಟ್ಟೋಳು ಒಬ್ಬ ಮನೆಗೆಲಸದವಳು, ಗೊತ್ತಾ? ಬಸುರಿ ಬೇರೆ. ಯಜಮಾನಿ ಕಾಟ ತಡೀಲಾರ್ದೆ ಮನೆ ಬಿಟ್ಟು ಓಡಿಹೋಗಿ, ಅಡವೀಲಿ ಒಂದು ಚಿಲುಮೆ ಹತ್ರ ಕೂತಿದ್ಲು. ಅಲ್ಲಿ ದೇವದೂತ ಬಂದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತೀಯ ಅಂತ ವಿಚಾರಿಸ್ಕೊಂಡ. ಅದಕ್ಕೇ ಅವಳು ದೇವರಿಗೆ ಎಲ್ ರೊಯೀ ಅಂತ ಹೆಸರಿಟ್ಲು. ನನ್ನನ್ನ ನೋಡೋ ದೇವರು.”

“ಹೆಸರಿಡು ಅಂತ ಅವಳಿಗೆ ಯಾರು ಹೇಳಿದ್ರು?” ಗುಬ್ಬಿ ಕೇಳಿದಳು.

“ಯಾರೂ ಹೇಳ್ಲಿಲ್ಲ. ಅವಳಿಗೆ ಹೇಗೆ ಕಂಡನೋ ಹಾಗೆ ಕರೆದ್ಲು. ಈ ಹೆಸರುಗಳಲ್ಲಿ ಎಷ್ಟೋ ಹಾಗೇ ಬಂದಿರೋದು. ಮೊದಲು ಏನೋ ಒಂದು ನಡೀತು, ಆಮೇಲೆ ಹೆಸರು ಬಂತು.”

ಗುಬ್ಬಿ ಆ ಹಾಳೆಯನ್ನು ಮತ್ತೆ ಮತ್ತೆ ನೋಡಿದಳು. ಫ್ರೇಮಕ್ಕ ಗುಬ್ಬಿಯನ್ನು ನೋಡಿದಳು. ಇಷ್ಟು ಮಾತು ನನ್ನ ಹತ್ತಿರ ಆಡಿದ್ದರೆ ಎಂದು ಅವಳಿಗೆ ಅನ್ನಿಸಿತು.

ಎಡವಟ್ಟಾಗಿದ್ದು ಮಾರನೆಯ ದಿನ. ಮೇಷ್ಟ್ರು ಕೊನೆಯ ಹಾಳೆ ಹಿಡಿದುಕೊಂಡು ಬಂದಾಗ ಫ್ರೇಮಕ್ಕ ಗಾಜು ಕೊಯ್ಯುತ್ತಿದ್ದಳು. ಗಾಜಿಗೆ ಗೀರು ಬೀಳದಿರಲೆಂದು ಅದರಡಿಗೆ ಯಾವುದಾದರೂ ರದ್ದಿ ಕಾಗದ ಹಾಸುವುದು ಅವಳ ರೂಢಿ. ಹಿಂದಿನ ದಿನದ ಹಾಳೆಗಳ ನಡುವೆ ಶಾಯಿ ಚೆಲ್ಲಿದ್ದ ಒಂದು ಸಿಕ್ಕಿತ್ತು, ಇದು ಕೆಟ್ಟ ಪ್ರತಿಯೆಂದು ಅದನ್ನೇ ಅರ್ಧಕ್ಕೆ ಹರಿದು ಹಾಸಿದ್ದಳು. ಮೇಷ್ಟ್ರು ಬಗ್ಗಿ ನೋಡಿದವರೇ ಅಲ್ಲೇ ನಿಂತುಬಿಟ್ಟರು.

“ಅಯ್ಯೋ ತಾಯಿ, ಏನು ಮಾಡಿದ್ರಿ?”

“ಯಾಕೆ? ಶಾಯಿ ಚೆಲ್ಲಿತ್ತಲ್ಲ, ರಫ್ ಅಂದ್ಕೊಂಡೆ.”

“ಶಾಯಿ ಚೆಲ್ಲಿದ್ರೇನು, ದೇವರ ಹೆಸರಿನ ನಾಲ್ಕು ಅಕ್ಷರ ಇದೆಯಲ್ಲ ಅದರಲ್ಲಿ. ಅದನ್ನ ಹರಿಯೋ ಹಾಗಿಲ್ಲ, ಅಳಿಸೋ ಹಾಗಿಲ್ಲ, ಕಸಕ್ಕೆ ಹಾಕೋ ಹಾಗಿಲ್ಲ. ಹಾಳಾದ್ರೆ ಎತ್ತಿಟ್ಟು ಮಣ್ಣು ಮಾಡ್ತಾರೆ. ನಂದೇ ತಪ್ಪು ಬಿಡಿ, ಇವತ್ತು ಹೊಸದು ಬರೆದು ತರೋವರೆಗೆ ಅದನ್ನ ಬೇರೆ ಇಡಬೇಕಾಗಿತ್ತು.”

ಫ್ರೇಮಕ್ಕನ ಮುಖ ಸಣ್ಣಗಾಯಿತು. ಗಾಜನ್ನು ಎತ್ತಿ ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ಗುಬ್ಬಿ ಎದ್ದು ಬಂದು ಎರಡು ತುಂಡನ್ನೂ ತೆಗೆದುಕೊಂಡು, ಗಾಜಿನ ಪುಡಿ ಊದಿ, ತನ್ನ ಪುಸ್ತಕದೊಳಗೆ ಜೋಪಾನವಾಗಿ ಇಟ್ಟಳು.

“ಅಂಥಾದ್ದೇನು ಮೇಷ್ಟ್ರೇ ಈ ಹೆಸರಲ್ಲಿ?” ಫ್ರೇಮಕ್ಕ ಕೇಳಿದಳು.

“ಇದೇ ಅವನ ಸ್ವಂತ ಹೆಸರು. ‘ಇರು’ ಅನ್ನೋ ಮಾತಿಂದ ಬಂದಿದ್ದು ಅಂತಾರೆ. ಇದ್ದೋನು, ಇರೋನು, ಮುಂದೆಯೂ ನಿನ್ನ ಜೊತೆ ಇರ್ತೀನಿ ಅನ್ನೋನು. ಈ ಗ್ರಂಥವನ್ನ ತಲೆತಲಾಂತರದಿಂದ ಕಾಪಾಡ್ಕೊಂಡು ಬಂದ ಜನ ಇದನ್ನ ಬಾಯಲ್ಲಿ ಹೇಳೋದೇ ಇಲ್ಲ. ಹೇಳದೆ ಹೇಳದೆ, ನಿಜವಾಗಿ ಹೇಗೆ ಹೇಳ್ಬೇಕು ಅನ್ನೋದೇ ಈಗ ಖಚಿತವಾಗಿ ಗೊತ್ತಿಲ್ಲ.”

ಫ್ರೇಮಕ್ಕನಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಕಾಗದದ ಮೇಲಿನ ಸಿಟ್ಟಲ್ಲ ಅದು ಎನ್ನುವುದು ಅವಳಿಗೂ ಗೊತ್ತಿತ್ತು. “ಇದೆಂಥ ನ್ಯಾಯ? ಹೆಸರು ಇರೋದೇ ಕರೆಯೋಕೆ. ಇರೋ ಹೆಸರನ್ನ ಕರೀದೆ ಬಾಯಿ ಮುಚ್ಕೊಂಡು ಕೂತ್ರೆ ಅದು ತಾತ್ಸಾರ ಅಲ್ವಾ?”

ಮೇಷ್ಟ್ರು ಉತ್ತರ ಕೊಡಲು ಬಾಯಿ ತೆರೆದರು. ಅವರಿಗಿಂತ ಮುಂಚೆ ಗುಬ್ಬಿ ಮಾತಾಡಿದಳು.

“ತಾತ್ಸಾರ ಅಲ್ಲ,” ಎಂದಳು, ಪುಸ್ತಕದ ಮೇಲೆ ಕೈಯಿಟ್ಟುಕೊಂಡೇ. “ಎಲ್ರೂ ಎಲ್ರಿಗೂ ಅಂದ್ರೆ ಅದು ಸವೆದುಹೋಗುತ್ತೆ. ಆಮೇಲೆ ಯಾರದ್ದು ಅಂತಾನೇ ಗೊತ್ತಾಗಲ್ಲ. ಅದಕ್ಕೇ ಇಟ್ಕೊಂಡಿರ್ತಾರೆ.”

ಫ್ರೇಮಕ್ಕ ಕೈಯಲ್ಲಿದ್ದ ಗ್ಲಾಸ್ ಕಟರನ್ನು ಮೇಜಿನ ಮೇಲಿಟ್ಟಳು. ಇಷ್ಟು ದಿನ ಈ ಹುಡುಗಿ ತನಗೆ ಕೊಡದೆ ಸತಾಯಿಸುತ್ತಿದ್ದಾಳೆ ಎಂದುಕೊಂಡಿದ್ದಳಲ್ಲ, ಅವಳು ಕೊಡದೆ ಇದ್ದದ್ದಲ್ಲ, ಅಮ್ಮ ಎಂಬುದನ್ನು ಕಾಪಾಡಿಕೊಂಡಿದ್ದದ್ದು. ತೀರಿಕೊಂಡವಳ ಪಾಲಿಗೆ ಉಳಿದಿರುವುದು ಅದೊಂದೇ ಪದ. ಅದನ್ನೂ ನನಗೆ ಕೊಡು ಎಂದು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲೇ ದಿನಾ ಪೀಡಿಸಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮೇಷ್ಟ್ರು ನಿಧಾನವಾಗಿ, “ಹೌದು ಮಗಳೇ” ಎಂದರು. “ಆದ್ರೆ ಕರೀದೇನೂ ಇರೋಕಾಗಲ್ವಲ್ಲ. ಬೇಡ್ಕೋಬೇಕು, ದೂರು ಹೇಳ್ಬೇಕು, ಜಗಳ ಆಡ್ಬೇಕು. ಅದಕ್ಕೇ ಓದ್ತಾ ಓದ್ತಾ ಆ ನಾಲ್ಕು ಅಕ್ಷರ ಬಂದಾಗ ಬೇರೆ ಪದ ಹೇಳ್ತಾರೆ. ಅದೋನಾಯ್, ಅಂದ್ರೆ ನನ್ನ ಒಡೆಯ. ಕಣ್ಣು ನೋಡೋದು ಒಂದು, ಬಾಯಿ ಹೇಳೋದು ಇನ್ನೊಂದು.”

“ಆ ಇನ್ನೊಂದು ಸುಳ್ಳಾ ಹಾಗಾದ್ರೆ?”

“ಸುಳ್ಳು ಹೇಗಾಗುತ್ತೆ? ಮನಸ್ಸಿಟ್ಟು ಕರೆದಿದ್ದಲ್ವಾ.”

ಮೇಷ್ಟ್ರು ಹೋದ ಮೇಲೆ ಫ್ರೇಮಕ್ಕ ಪಟ್ಟಿ ಕೊಯ್ದಳು, ಮೂಲೆ ಕೂಡಿಸಿದಳು, ಮೊಳೆ ಹೊಡೆದಳು. ಕೊನೆಗೆ ಫ್ರೇಮಿನ ಹಿಂಬದಿಗೆ ಕಂದು ಟೇಪು ಅಂಟಿಸುತ್ತಾ, ಗುಬ್ಬಿಯ ಮುಖ ನೋಡದೆ ಮಾತು ತೆಗೆದಳು.

“ಗುಬ್ಬೀ, ಒಂದು ಮಾತು ಹೇಳ್ತೀನಿ. ಅಮ್ಮ ಅನ್ನೋದನ್ನ ನೀನು ನಂಗೆ ಅನ್ನೋದು ಬೇಡ. ಅನ್ನಲಿ ಅಂತ ಆಸೆ ಇತ್ತು, ಸುಳ್ಳು ಯಾಕೆ ಹೇಳ್ಲಿ, ತುಂಬಾನೇ ಇತ್ತು. ಈಗ ಬೇಡ. ಅದು ನಿಮ್ಮಮ್ಮಂದು, ನಿನ್ನ ಹತ್ರಾನೇ ಇಟ್ಕೋ.”

ಗುಬ್ಬಿ ಪೆನ್ಸಿಲ್ ಕೆಳಗಿಟ್ಟಳು. ಅವಳ ಕಣ್ಣು ತುಂಬಿ ಬಂದಿತ್ತು. “ನಿಮಗೆ ಬೇಜಾರಿಲ್ವಾ?”

“ಸ್ವಲ್ಪ ಇದೆ. ಹೋಗುತ್ತೆ ಬಿಡು. ಆದ್ರೆ ಬಕೆಟ್ ಬಡಿಯೋದು ಮಾತ್ರ ಬಿಡು ಮಾರಾಯ್ತಿ, ಪಕ್ಕದ ಮನೆಯವರು ಕೇಳ್ತಾರೆ. ಬೇಕಾದ್ರೆ ಬೀದಿಯವರ ಹಾಗೆ ಫ್ರೇಮಕ್ಕ ಅನ್ನು.”

ಗುಬ್ಬಿ ಕಣ್ಣೊರೆಸಿಕೊಂಡು ಯೋಚಿಸಿದಳು. “ಅಕ್ಕ ಅಂದ್ರೆ ನೀವು ಅಪ್ಪಂಗೆ ಮಗಳಾಗ್ತೀರ.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಡ್ಯೂಟಿ ಮುಗಿಸಿ ಬಂದ ಅಪ್ಪ ಏನಾಯಿತೆಂದು ಕೇಳಿದ್ದಕ್ಕೆ ಇಬ್ಬರೂ ಹೇಳಲಿಲ್ಲ. ಅವನೂ ನಕ್ಕು ಕೈಕಾಲು ತೊಳೆಯಲು ಹೋದ. ಆಮೇಲಿನ ದಿನಗಳಲ್ಲೂ ಗುಬ್ಬಿ ‘ಇಲ್ನೋಡಿ’ ಅನ್ನುತ್ತಲೇ ಇದ್ದಳು, ಫ್ರೇಮಕ್ಕ ಮೊದಲಿನಂತೆ ಮುದುಡದೆ ತಿರುಗಿ ನೋಡುತ್ತಿದ್ದಳು. ಬೇಕಾದ್ದು ಸಿಗಲಿಲ್ಲ, ಆದರೂ ಮನಸ್ಸು ಹಗುರಾಗಿತ್ತು.

ಫ್ರೇಮುಗಳೆಲ್ಲ ಸಿದ್ಧವಾದ ಮೇಲೆ ಒಂದು ರಜೆಯ ಬೆಳಿಗ್ಗೆ ಇಬ್ಬರೂ ಮಂದಿರಕ್ಕೆ ಹೋದರು. ಹರಿದ ಹಾಳೆಯ ತುಂಡುಗಳನ್ನು ಗುಬ್ಬಿ ಮೊದಲು ಮೇಷ್ಟ್ರ ಕೈಗೆ ಕೊಟ್ಟಳು, ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟರು. ಉದ್ದನೆಯ ಸಭಾಂಗಣ. ಹೆಂಗಸರು ಬೆಂಚು ಒರೆಸುತ್ತಿದ್ದರು, ಗಂಡಸರು ಕಿಟಕಿಯ ಬಣ್ಣ ಕೆರೆಯುತ್ತಾ ಹರಟೆ ಹೊಡೆಯುತ್ತಿದ್ದರು. ಫ್ರೇಮಕ್ಕ ಏಣಿ ಹತ್ತಿ ಒಂದೊಂದಾಗಿ ತೂಗುಹಾಕುತ್ತಾ ಬಂದಳು. ಕೊನೆಗೆ ಉಳಿದದ್ದು ಆ ನಾಲ್ಕು ಅಕ್ಷರದ ಫ್ರೇಮು. ವಾರೆಕೋರೆ ನೋಡಿ ಹೇಳಲು ಗುಬ್ಬಿ ದೂರದ ಬಾಗಿಲ ಹತ್ತಿರ ಹೋಗಿ ನಿಂತಿದ್ದಳು. ಅಲ್ಲಿಂದ ಗಂಟಲು ಸರಿಮಾಡಿಕೊಂಡರೆ ಕೇಳಿಸುವಂತಿರಲಿಲ್ಲ.

ಫ್ರೇಮಕ್ಕ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಫ್ರೇಮು ಹಿಡಿದು ಕಾದಳು.

“ಅವ್ವಾ,” ಎಂಬ ದನಿ ಅಷ್ಟುದ್ದದ ಸಭಾಂಗಣ ದಾಟಿ ಬಂತು. “ಎಡಗಡೆ ಸ್ವಲ್ಪ ಮೇಲೆತ್ತಿ.”

ಬೆಂಚು ಒರೆಸುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, “ನಿಮ್ಮ ಮಗಳೇನಮ್ಮಾ?” ಎಂದು ಕೇಳಿದಳು. ಬಾಯಲ್ಲಿ ಮೊಳೆ, ಏನಂತ ಹೇಳುವುದು? ಫ್ರೇಮಕ್ಕ ಹೌದು ಹೌದೆಂದು ತಲೆಯಾಡಿಸಿದಳು. ಎದುರಿಗಿದ್ದ ಅಕ್ಷರಗಳು ನೀರು ತುಂಬಿದ ಕಣ್ಣಿಗೆ ಕಾಣಿಸಲೇ ಇಲ್ಲ. ಎಡಗಡೆ ಎತ್ತಿದಳು, ಬೇಕಾದ್ದಕ್ಕಿಂತ ಹೆಚ್ಚು ಎತ್ತಿದಳು.

“ಅವ್ವಾ, ಜಾಸ್ತಿ ಆಯ್ತು.”

ಇಳಿಸಿದಳು. ಕೂದಲೆಳೆಯಷ್ಟು ವಾರೆಯಿದ್ದರೂ ಕಣ್ಣು ಮುಚ್ಚಿ ಕಂಡುಹಿಡಿಯಬಲ್ಲ ಹೆಂಗಸು, ಈಗ ಬಲಗಡೆಯನ್ನು ಮೇಲೆತ್ತಿ ಹಿಡಿದು, ಏನೂ ಗೊತ್ತಿಲ್ಲದವಳಂತೆ ಗೋಡೆ ನೋಡುತ್ತಾ ನಿಂತಳು.

ಬಾಗಿಲ ಕಡೆಯಿಂದ ನಗು ತಡೆದುಕೊಂಡ ದನಿ ಬಂತು.

“ಅವ್ವಾ, ಬೇಕಂತಲೇ ಮಾಡ್ತಿದ್ದೀಯ ನೀನು.”