ಹಸಿರು ಗೆರೆಯ ಹಳದಿ ತಂತಿ

ಶೆಡ್ಡಿನಲ್ಲಿ ಅವನನ್ನು ಎಲ್ಲರೂ ನಕ್ಷೆ ಎಂದೇ ಕರೆಯುತ್ತಿದ್ದರು. ವೈರಿಂಗ್ ನಕ್ಷೆಯನ್ನು ಬಾನೆಟ್ಟಿನ ಮೇಲೆ ಹಾಸಿ, ಬೆರಳಿಟ್ಟು ತಂತಿಯ ದಾರಿ ಹಿಡಿದು ಹೋಗುವ ತನಕ ಅವನು ಒಂದು ಸ್ಕ್ರೂವನ್ನೂ ಮುಟ್ಟುವ ಆಸಾಮಿಯಲ್ಲ. "ನೆಂಟರ ಮನೆಗೆ ಹೋಗೋಕೂ ಇವನಿಗೆ ನಕ್ಷೆ ಬೇಕು" ಎಂದು ಭಾವ, ಅಂದರೆ ಹೆಂಡತಿಯ ಅಣ್ಣ, ಗಿರಾಕಿಗಳ ಮುಂದೆಯೇ ಕಾಲೆಳೆಯುತ್ತಿದ್ದ. ಶೆಡ್ಡು ಭಾವನದು. ತಗಡು, ಬಣ್ಣ, ಜೋಡಣೆ ಅವನದು. ತಂತಿಯ ಕೆಲಸ ಇವನದು.

ಹಿಂದೊಮ್ಮೆ ಬಾಗಿಲಿನ ಗುದ್ದು ತೆಗೆಸಿಕೊಂಡು ಹೋಗಿದ್ದ ನರ್ಸಮ್ಮನ ಬಿಳಿ ಕಾರು ಅವತ್ತು ಮತ್ತೆ ಬಂದಿತ್ತು. ಮನಸ್ಸು ಬಂದರೆ ಹಾರ್ನು ಕೂಗುತ್ತದೆ, ಇಲ್ಲದಿದ್ದರೆ ಮುನಿಸಿಕೊಂಡವರ ಹಾಗೆ ಸುಮ್ಮನಿರುತ್ತದೆ ಎಂದು ದೂರು ಹೇಳಿ ಆಕೆ ಬಾಗಿಲ ಬಳಿಯ ಬೆಂಚಿನಲ್ಲಿ ಕೂತರು. ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದರಿಂದ ನಕ್ಷೆ ಆ ಕಾರಿನ ವೈರಿಂಗ್ ಹಾಳೆಯನ್ನು ಕೈ ಉದ್ದಕ್ಕೆ ಹಿಡಿದು ಓದಿದ. ಹಾರ್ನಿನ ತಂತಿ ಸ್ಟೀರಿಂಗಿನೊಳಗೆ ಸುರುಳಿ ಸುತ್ತಿ ಮೇಲೆ ಬರುತ್ತದೆ. ಅದರ ಜೊತೆಗೇ ಏರ್‌ಬ್ಯಾಗಿಗೆ, ಅಂದರೆ ಡಿಕ್ಕಿಯಾದಾಗ ಉಬ್ಬುವ ಚೀಲಕ್ಕೆ, ಹೋಗುವ ಎರಡು ಹಳದಿ ತಂತಿ. ತೊಂದರೆ ಅಲ್ಲೇ ಇರಬೇಕು. ಬ್ಯಾಟರಿ ಬಿಚ್ಚಿ, ಒಳಗೆ ಉಳಿದ ಕರೆಂಟು ಇಳಿಯಲೆಂದು ಸ್ವಲ್ಪ ಕಾದು, ಸ್ಟೀರಿಂಗಿನ ನಡುವಿನ ಮುಚ್ಚಳ ತೆಗೆದ.

ಒಳಗೆ ಏರ್‌ಬ್ಯಾಗ್ ಇರಲಿಲ್ಲ.

ಇದ್ದದ್ದು ಮಡಚಿ ತುರುಕಿದ ಒರೆಸುಬಟ್ಟೆ. ಎರಡು ಹಳದಿ ತಂತಿಯ ತುದಿಗಳನ್ನು ಕತ್ತರಿಸಿ, ನಡುವೆ ಕರೆಂಟು ತಡೆಯುವ, ಕಡಲೆಕಾಳಿನಷ್ಟು ದೊಡ್ಡ ರೆಸಿಸ್ಟರ್ ಒಂದನ್ನು ಬೆಸೆದಿದ್ದರು. ನಕ್ಷೆ ಬಟ್ಟೆಯನ್ನು ಹೊರಗೆಳೆದು ಕೈಯಲ್ಲಿ ಹಿಡಿದ.

ಆ ಕಾಳು ಯಾಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏರ್‌ಬ್ಯಾಗಿನ ಕೆಂಪು ದೀಪ ಉರಿಯುತ್ತಿದ್ದರೆ, ತಪ್ಪು ತಂತಿಯಲ್ಲೋ ಚೀಲದಲ್ಲೋ ತಿಳಿಯಲು ಚೀಲವನ್ನು ಕಳಚಿ ಅದರ ಜಾಗದಲ್ಲಿ ಇಂಥ ಕಾಳನ್ನು ಸೇರಿಸಿ ನೋಡುತ್ತಾರೆ. ಕಾರು ಅದನ್ನೇ ಚೀಲವೆಂದು ನಂಬುತ್ತದೆ. ದೀಪ ಆರಿದರೆ ತಂತಿ ಸರಿ ಎಂದರ್ಥ. ನೋಡಿದ ಮೇಲೆ ಕಾಳನ್ನು ತೆಗೆಯಲೇಬೇಕು. ಈ ಉಪಾಯವನ್ನು ಭಾವನಿಗೆ ಕಲಿಸಿದವನು ಇವನೇ. ಕಾಳೂ ಇವನ ಡಬ್ಬಿಯದೇ.

ಭಾವನನ್ನು ಕಾರಿನ ಹಿಂದಕ್ಕೆ ಕರೆದು ಬಟ್ಟೆ ತೋರಿಸಿದ.

"ಇದೇನು ಭಾವ?"

ಭಾವ ಮೊದಲು ನೋಡಿದ್ದು ಬೆಂಚಿನ ಕಡೆಗೆ. "ಮೆಲ್ಲಗೆ ಮಾತಾಡು ಮಾರಾಯ. ಬಂದಾಗಲೇ ಒಡೆದು ಹೋಗಿತ್ತು."

"ಬಾಗಿಲಿನ ಗುದ್ದು ತೆಗೆಸೋಕೆ ಬಂದ ಕಾರಲ್ಲಿ ಸ್ಟೀರಿಂಗಿನ ಚೀಲ ಹೇಗೆ ಒಡೆಯುತ್ತೆ?"

ಭಾವ ಉತ್ತರ ಕೊಡುವಷ್ಟರಲ್ಲಿ ಅಂಗಳಕ್ಕೆ ಬೂದು ಬಣ್ಣದ ಕಾರು ಬಂದು ನಿಂತಿತು. ನಕ್ಷೆಯ ಮಗಳು. ಹಿಂದಿನ ಸೀಟಿನಲ್ಲಿ ಮೊಮ್ಮಗು ನಿದ್ದೆ ಹೋಗಿತ್ತು. "ಅಪ್ಪಾ, ಕನ್ನಡಕ ಬಿಟ್ಟು ಬಂದು ಏನ್ ಓದ್ತಾ ಇದ್ದೀಯ?" ಎಂದು ನಗುತ್ತಾ, ಕನ್ನಡಕ ಚಾಚುತ್ತಾ ಇಳಿದಳು. ಆ ಕಾರು ಬಾಣಂತಿ ಸೋದರಸೊಸೆಗೆಂದು ಭಾವ ಕೊಟ್ಟ ಉಡುಗೊರೆ. ಅಪಘಾತವಾದ ಕಾರನ್ನು ತಂದು, ತಾನೇ ಕೂತು ಹೊಸದರಂತೆ ಮಾಡಿದ್ದ. "ಸ್ಟೀರಿಂಗು ನಾನು ನೋಡ್ಕೋತೀನಿ, ನೀನು ಉಳಿದ ವೈರಿಂಗ್ ನೋಡು" ಎಂದಿದ್ದ. ಕೊನೆಗೆ ಕೀಲಿ ತಿರುಗಿಸಿ ನೋಡಿದಾಗ ಕೆಂಪು ದೀಪ ಹತ್ತಿ ಆರಿತ್ತು. ನಕ್ಷೆ ಅಷ್ಟಕ್ಕೇ ತೃಪ್ತನಾಗಿದ್ದ.

ಈಗ ಭಾವನ ಮುಖ ನೋಡಿದ. ಅದರಲ್ಲಿ ರಕ್ತವೇ ಇರಲಿಲ್ಲ.

"ಕೀಲಿ ಕೊಡು ಮಗಳೇ. ಮಗೂನ ಎತ್ಕೊ."

"ಯಾಕಪ್ಪಾ, ಏನಾಯ್ತು?"

"ಎತ್ಕೊ ಅಂದೆನಲ್ಲ."

ಬ್ಯಾಟರಿ ಬಿಚ್ಚಿ ಕಾಯುವ ಹೊತ್ತಿನಲ್ಲಿ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ದಿನಾ ಈ ಕಾರಿನಲ್ಲಿ ಮಗಳು ಮಗುವನ್ನು ಕೂರಿಸಿಕೊಂಡು ಹೋಗಿಬರುತ್ತಿದ್ದಳು. ಇದರಲ್ಲೂ ಬಟ್ಟೆಯೇ ಇದ್ದರೆ? ಮುಚ್ಚಳ ಎಬ್ಬಿಸಿದ.

ಏರ್‌ಬ್ಯಾಗ್ ಇತ್ತು. ಇಡಿಯಾಗಿತ್ತು, ಒಂದು ಗೀರೂ ಇಲ್ಲದೆ. ನಕ್ಷೆಗೆ ಹೋದ ಜೀವ ಬಂದಂತಾಯಿತು, ಕಣ್ಣಲ್ಲಿ ನೀರೇ ಬಂತು. ಇಂಥ ಭಾವನ ಮೇಲೆ ಏನೆಲ್ಲ ಅನುಮಾನ ಪಟ್ಟೆನಲ್ಲ ಎಂದು ನಾಚಿಕೊಳ್ಳುತ್ತಾ, ಕಣ್ಣೊರೆಸಿಕೊಂಡು ಕನ್ನಡಕ ಹಾಕಿಕೊಂಡ.

ಆಗ ಬೆಸುಗೆ ಕಂಡಿತು.

ಈ ಕಾರಿನ ನಕ್ಷೆ ಅವನಿಗೆ ಬಾಯಿಪಾಠ. ಎರಡೂ ಒಂದೇ ಮಾದರಿಯ ಕಾರು, ವರ್ಷ ಮಾತ್ರ ಬೇರೆ. ಈ ವರ್ಷದ್ದರಲ್ಲಿ ಏರ್‌ಬ್ಯಾಗಿನ ತಂತಿ ಹಳದಿ, ಅದರ ಮೇಲೆ ಕಪ್ಪು ಗೆರೆ. ಬೆಸುಗೆಯವರೆಗೆ ಕಪ್ಪು ಗೆರೆಯೇ ಬಂದಿತ್ತು. ಬೆಸುಗೆ ದಾಟಿ ಚೀಲಕ್ಕೆ ಹೋಗುವ ಗೇಣುದ್ದದ ತಂತಿಯ ಮೇಲೆ ಹಸಿರು ಗೆರೆ.

ಅವನು ಎದ್ದು ಬಿಳಿ ಕಾರಿನ ಬಳಿ ಹೋದ. ಕಾಳು ಬೆಸೆದ ತುದಿಗಳನ್ನು ಬೆಳಕಿಗೆ ಹಿಡಿದ. ಹಳದಿ, ಮೇಲೆ ಹಸಿರು ಗೆರೆ.

ತನ್ನ ಮಗಳ ಎದುರಿನ ಸ್ಟೀರಿಂಗಿನಲ್ಲಿ ಇಷ್ಟು ದಿನ ಕೂತಿದ್ದದ್ದು ಆ ಬೆಂಚಿನ ಮೇಲಿನ ಹೆಂಗಸಿನ ಜೀವ.

"ಆಯಮ್ಮ ಮೆಲ್ಲಗೆ ಓಡಿಸ್ತಾರೆ, ಕಣೋ" ಎಂದ ಭಾವ. "ಇವಳ ಕಾರಿಗೆ ಹೊಸ ಚೀಲ ತರಿಸಿದ್ದೆ, ಬರೋದು ತಡ ಆಯ್ತು. ನಾಮಕರಣಕ್ಕೆ ಕಾರು ಕೊಡ್ತೀನಿ ಅಂದುಬಿಟ್ಟಿದ್ದೆ. ಬಂದಮೇಲೆ ಅವರದಕ್ಕೆ ಹಾಕಿದ್ರಾಯ್ತು ಅಂದ್ಕೊಂಡೆ. ಬಂದದ್ದು ಬೇರೆ ಮಾದರಿದು. ಆಮೇಲೆ... ದೀಪ ಉರೀತಾ ಇರಲಿಲ್ಲವಲ್ಲ, ಯಾರೂ ಕೇಳಲಿಲ್ಲ. ನನ್ನ ತಂಗಿ ಮಗಳಿಗೆ ಖಾಲಿ ಸ್ಟೀರಿಂಗು ಕೊಡೋದಾ? ನೀನೇ ಹೇಳು."

ಭಾವ ಕಳ್ಳನಾಗಿದ್ದರೆ ನಕ್ಷೆ ಬೈಯಬಹುದಿತ್ತು. ಹೀಗೆ ಮಾಡಿದವನು ಮಗಳನ್ನು ಎತ್ತಿ ಆಡಿಸಿದ ಮಾವ.

ಮಗಳು ಎಲ್ಲ ಕೇಳಿಸಿಕೊಂಡಿದ್ದಳು. ಮಗುವನ್ನು ಎದೆಗವಚಿಕೊಂಡು ಮಾವನ ಮುಖವನ್ನೇ ನೋಡುತ್ತಿದ್ದಳು, ಅಪರಿಚಿತರನ್ನು ನೋಡುವ ಹಾಗೆ. "ಆ ಚೀಲ ಬಿಚ್ಚಪ್ಪ" ಎಂದಳು.

ನಕ್ಷೆ ಬೆಂಚಿನ ಬಳಿ ಹೋಗಿ ನರ್ಸಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಆಕೆಗೆ ಮೊದಲು ಅರ್ಥವೇ ಆಗಲಿಲ್ಲ. "ದೀಪ ಆರ್ತಿತ್ತಲ್ಲಾ" ಎಂದರು. ಆಮೇಲೆ ಅರ್ಥವಾಯಿತು. "ಹೋದ ವಾರ ಹೈವೇಲಿ ನಮ್ಮಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು..." ಎಂದು ಅಲ್ಲಿಗೇ ನಿಲ್ಲಿಸಿ, ತಮ್ಮ ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

ನಕ್ಷೆ ಬೂದು ಕಾರಿನ ಚೀಲ ಬಿಚ್ಚಿ ಬಿಳಿ ಕಾರಿಗೆ ಜೋಡಿಸಿದ. ಹಸಿರು ಗೆರೆ ಹಸಿರು ಗೆರೆಗೆ ಸೇರಿತು. ಸುರುಳಿಯೂ ಬದಲಾಯಿತು, ಹಾರ್ನು ಒಂದೇ ಸಲಕ್ಕೆ ಕೂಗಿತು. ನರ್ಸಮ್ಮ ಯಾರ ಕಡೆಗೂ ನೋಡದೆ ಕಾರು ಹತ್ತಿ ಹೋದರು. ಇನ್ನು ಈ ಶೆಡ್ಡಿಗೆ ಅವರು ಬರುವುದಿಲ್ಲ, ಬರಲೂಬಾರದು.

ನಕ್ಷೆ ಬೂದು ಕಾರಿನಲ್ಲಿ ಕೀಲಿ ತಿರುಗಿಸಿದ. ಕೆಂಪು ದೀಪ ಹತ್ತಿತು, ಆರಲಿಲ್ಲ. ಕೆಳಗೆ ಬಿದ್ದಿದ್ದ ಕಾಳನ್ನು ಭಾವ ಹೆಕ್ಕಿ ಅಂಗೈಯಲ್ಲಿ ಚಾಚಿದ. "ನಾಳೇನೇ ಹೊಸ ಚೀಲ ಹುಡುಕ್ತೀನಿ. ಅಲ್ಲೀವರೆಗೆ ಇದನ್ನ ಹಾಕು. ಆ ದೀಪ ನೋಡೋಕಾಗ್ತಾ ಇಲ್ಲ ನನಗೆ."

"ಉರೀಲಿ ಭಾವ" ಎಂದ ನಕ್ಷೆ.

ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡ. ಮಗಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಮಾವನಿಗೆ ಹೋಗಿಬರುತ್ತೇನೆ ಎನ್ನದೆ, ಬಸ್ ಸ್ಟಾಪಿನ ಕಡೆಗೆ ನಡೆದಳು.