ದಣಪೆಯ ಮೇಲಿನ ತಂಬಿಗೆ

ಇನ್ನೂ ಬಿಸಿಯಿದೆ, ಬಾಳೆಲೆ ದಾಟಿ, ಬಟ್ಟೆಯ ಗಂಟು ದಾಟಿ, ಸೀರೆಯ ನೆರಿಗೆ ದಾಟಿ ತೊಡೆಗೆ ತಾಗುತ್ತಿದೆ ಸೌತೆಕಾಯಿ ಕಡುಬಿನ ಬಿಸಿ, ಒಳ್ಳೆಯದೇ, ಸಾಗರ ಮುಟ್ಟುವವರೆಗೆ ಹೀಗೇ ಇರಲಿ, ಬಿಚ್ಚಿದಾಗ ಹಬೆ ಏಳಬೇಕು, ಪುಷ್ಪದಂತ ಮೂಗು ಮುಂದೆ ತರಬೇಕು, ಚಿಕ್ಕವನಿದ್ದಾಗ ತರುತ್ತಿದ್ದನಲ್ಲ ಹಾಗೆ, ಅಕ್ಕ ಬೆಂತಾ, ಅಕ್ಕ ಬೆಂತಾ ಎನ್ನುತ್ತ ಒಲೆಯ ಸುತ್ತ ಸುತ್ತುತ್ತ — ಈ ಮೋಟಾರು ಒಂದು, ಹೊಂಡ ಕಂಡಲ್ಲೆಲ್ಲ ಬಿದ್ದು ಎದ್ದು ಹೋಗುತ್ತದೆ, ಯುದ್ಧ ಮುಗಿದ ಮೇಲೆ ಮಾರಿದ ಮಿಲಿಟರಿ ಲಾರಿಗೆ ಮರದ ಹಲಗೆ ಹೊಡೆದು ಬಸ್ಸು ಅಂದರೆ ಇನ್ನೇನಾಗುತ್ತದೆ, ಪಕ್ಕದವಳ ಕೋಳಿಬುಟ್ಟಿ ನನ್ನ ಮೊಣಕಾಲಿಗೆ ತಾಗುತ್ತಿದೆ, ಸ್ವಲ್ಪ ಆಚೆ ಇಟ್ಕೋ ಮಾರಾಯ್ತಿ ಅಂದರೆ ಆಚೆ ಎಲ್ಲೈತ್ರಾ ಜಾಗ ಎನ್ನುತ್ತಾಳೆ, ಎನ್ನಲಿ, ಇವತ್ತು ಕೋಳಿಯೊಡನೆ ಜಗಳ ಬೇಡ, ಇವತ್ತು ಯಾರೊಡನೆಯೂ ಬೇಡ, ಜಗಳ ಮುಗಿಸಲಿಕ್ಕೇ ಹೊರಟವಳು ನಾನು. ನಿನ್ನೆ ಸಂಜೆ ಕಂಡಕ್ಟರ್ ಮಾಸ್ತಪ್ಪ ಬಂದ, ಟಿಕೆಟಿನ ಚೀಲ ಇನ್ನೂ ಹೆಗಲಲ್ಲೇ ಇತ್ತು, ಅಂಗಳದಲ್ಲಿ ನಿಂತೇ ಹೇಳಿದ, ಅಮ್ಮಾ, ನಿಮ್ಮ ತಮ್ಮನೋರು ಸಾಗರದಲ್ಲಿ ಸಿಕ್ಕಿದ್ರು, ನಾಳೆ ಬೆಳಗಿನ ರೈಲಿಗೆ ಹೊರಟ್ರಂತೆ, ಉತ್ತರದ ಕಡೆ ಮುನಿಗಳ ಸಂಘ ಇದೆಯಂತಲ್ಲ ಅಲ್ಲಿಗೆ, ದೀಕ್ಷೆ ತಗೊಳ್ತಾರಂತೆ, ಅಕ್ಕ ರೈಲಿನ ಹೊತ್ತಿಗೆ ಬಂದ್ರೆ ಕೋಪ ಬಿಟ್ಲು ಅಂತ ತಿಳ್ಕೊಂಡು ಹೋಗ್ತೀನಿ, ಬರದಿದ್ರೆ ಬಿಟ್ಟಿಲ್ಲ ಅಂತ ತಿಳ್ಕೊಂಡು ಹೋಗ್ತೀನಿ, ಇಷ್ಟು ಹೇಳು ಸಾಕು ಅಂದ್ರು. ದೀಕ್ಷೆಯಾದ ಮೇಲೆ ಅವನಿಗೆ ಅಕ್ಕನೂ ಇಲ್ಲ, ಊರೂ ಇಲ್ಲ, ಎಂದಾದರೂ ಎದುರು ಬಂದರೆ ನಾನೇ ಅವನ ಕಾಲಿಗೆ ಬೀಳಬೇಕು, ಅಮ್ಮ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದವನ ಕಾಲಿಗೆ, ತಮ್ಮಾ ಎಂದು ಕರೆಯುವ ಹಾಗಿಲ್ಲ, ಕಾಗದ ಬರೆಯೋಣ ಎಂದರೆ ಊರಿಂದೂರಿಗೆ ನಡೆಯುವವರಿಗೆ ಯಾವ ವಿಳಾಸ, ಅದಕ್ಕೇ ಇವತ್ತು, ರೈಲು ಹತ್ತುವ ಮೊದಲು, ಒಂದು ಸಲ ತಮ್ಮಾ ಅನ್ನಬೇಕು, ತಪ್ಪು ನನ್ನದು ಕಣೋ ಅನ್ನಬೇಕು, ಒಂದು ಕಡುಬು ತಿನ್ನಿಸಬೇಕು, ಅಷ್ಟೇ, ಹೋಗಬೇಡ ಎಂದೂ ಹೇಳುವುದಿಲ್ಲ.

ಮತ್ತೇಕೆ ನಿಧಾನ, ಡ್ರೈವರ್ ಜಟ್ಟಿಂಗಪ್ಪ ಗೇರು ಇಳಿಸಿದ, ಆ ಕಿರುಗುಟ್ಟುವ ಸದ್ದು ನನ್ನ ಹಲ್ಲಿನೊಳಗೇ ಆದ ಹಾಗಾಯಿತು, ಅದೋ ಹೊಳೆಯುತ್ತಿದೆ, ತಿರುವಿನಾಚೆ, ಸೀತಾರಾಮಪ್ಪನ ಮನೆ ಬೇಲಿಬಾಗಿಲಿನ, ಆ ದಣಪೆಯ ಕಂಬದ ಮೇಲೆ ಕವುಚಿಟ್ಟ ಹಿತ್ತಾಳೆ ತಂಬಿಗೆ, ಅಯ್ಯೋ ದೇವರೇ ಇವತ್ತೂ ಇಟ್ಟನೇ ಈ ಪುಣ್ಯಾತ್ಮ, ಬಸ್ಸು ನಿಂತಿತು, ಇನ್ನು ಅವನು ಮೀಯಬೇಕು, ಕಾಫಿ ಕುಡಿಯಬೇಕು, ಎಲೆಯಡಿಕೆ ಹಾಕಬೇಕು, ಆಮೇಲೆ ಕೋಟು ಹುಡುಕಬೇಕು, ಮೂರೂರ ಮೋಟಾರು ಸಂಘದ ಷೇರುದಾರ ಅಲ್ಲವೇ, ದಣಪೆಯ ಮೇಲೆ ತಂಬಿಗೆ ಕಂಡರೆ ಆ ಮನೆಯವರು ಹತ್ತುವ ತನಕ ಗಾಡಿ ಕದಲುವ ಹಾಗಿಲ್ಲ, ತೀರ್ಥಹಳ್ಳಿಯಿಂದ ಹೊಸನಗರದವರೆಗೆ, ಹೊಸನಗರದಿಂದ ಸಾಗರದವರೆಗೆ ದಾರಿಯುದ್ದಕ್ಕೂ ಇದೇ ಕಟ್ಟಳೆ. ಕೋಳಿಬುಟ್ಟಿಯವಳು ಉಗುಳಿ ಬಂದು ಕೂತಳು, ತಂಬಿಗೆ ಇಟ್ಟೋರಿಗೆ ಮೋಟಾರು, ಇಡ್ದೋರಿಗೆ ಕಾಲು, ನಡ್ಕಂಡೇ ಹೋಗಿದ್ರೆ ಇಷ್ಟೊತ್ತಿಗೆ ಬಟ್ಟೆಮಲ್ಲಪ್ಪ ದಾಟ್ತಿದ್ದೆ ಕಣ್ರಾ ಎಂದಳು, ನನಗೇ ಅಂದಳು, ನಾನು ಯಾರು ಎಂದು ಗೊತ್ತಿದ್ದೇ ಅಂದಳು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ, ಸೀತಾರಾಮಪ್ನೋರೇ, ಬೇಗ ಬನ್ನಿ, ರೈಲಿಗೆ ಹೊತ್ತಾಯ್ತು. ಅವನು ಜಗಲಿಗೆ ಬಂದ, ಟವೆಲಿನಲ್ಲಿ ಕಿವಿ ಒರೆಸಿಕೊಳ್ಳುತ್ತ ನಕ್ಕ, ಏನು ಜ್ವಾಲಮ್ಮ, ನೀವೇ ಹೀಗಂದ್ರೆ ಹೆಂಗೆ, ಹೋದ ವಾರ ತೀರ್ಥಹಳ್ಳಿಯಿಂದ ಬರ್ತಾ ನಿಮ್ಮನೆ ಮುಂದೆ ನಾನು ಕೂತಿರಲಿಲ್ವಾ, ನೀವು ಹೂವು ಮುಡಿಯೋ ತನಕ. ಬಸ್ಸಿನಲ್ಲಿ ಯಾರೋ ಕಿಸಕ್ಕೆಂದರು. ಕೂತಿದ್ದ, ನಿಜ, ನಾನೂ ಹೂವು ಮುಡಿದೆ, ನಿಜ.

ಈ ತಂಬಿಗೆಯ ಉಪಾಯ ಯಾರದು ಎಂದು ಇವರಿಗೆ ಗೊತ್ತಿಲ್ಲ, ಗೊತ್ತಿದ್ದರೆ ಇನ್ನೂ ನಗುತ್ತಿದ್ದರು. ಆಗ ಪುಷ್ಪದಂತನಿಗೆ ಮೋಟಾರಿನ ಹುಚ್ಚು, ಸೈಕಲ್ಲು ತುಳಿದು ಮನೆಮನೆಗೆ ಹೋಗುತ್ತಿದ್ದ, ಷೇರು ಹಾಕಿ, ಮೂರು ಊರಿಗೂ ನಮ್ಮದೇ ಮೋಟಾರು ಓಡ್ಲಿ, ಸಾಗರದ ರೈಲಿಗೆ ಹೊಂದಿಸಿ ಬಿಡೋಣ, ಶಿವಮೊಗ್ಗದ ಆಸ್ಪತ್ರೆಗೆ ಹೋಗೋರಿಗೆ, ಕೋರ್ಟಿಗೆ ಹೋಗೋರಿಗೆ, ಪರೀಕ್ಷೆಗೆ ಹೋಗೋ ಹುಡುಗರಿಗೆ ಅನುಕೂಲ ಎಂದು, ಜನ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು, ಷೇರಿನ ಮಾತಿಗೆ ಮಾತ್ರ ನೋಡೋಣ ಎನ್ನುತ್ತಿದ್ದರು. ರಾತ್ರಿಯೂಟ ನಮ್ಮ ಜೈನರಲ್ಲಿ ಇಲ್ಲವಲ್ಲ, ಹೊತ್ತು ಮುಳುಗುವ ಮೊದಲು ನಮ್ಮ ಮನೆಗೆ ಬಂದು ಊಟಕ್ಕೆ ಕೂರುತ್ತಿದ್ದ, ಅನ್ನ ಕಲಸುತ್ತ ಹೇಳುತ್ತಿದ್ದ, ಜ್ವಾಲಕ್ಕ, ಲಂಡನ್ನಿನಲ್ಲಿ ನೆಲದೊಳಗೆ ರೈಲು ಓಡ್ಸಿದಾರೆ ಗೊತ್ತಾ, ಊರಿನಡಿಗೇ, ಪೇಪರಿನಲ್ಲಿ ಬಂದಿದೆ, ರಾಜನೇ ಬರಲಿ ನಿಲ್ಲಲ್ವಂತೆ, ಹೊತ್ತು ಅಂದ್ರೆ ಹೊತ್ತು. ನೆಲದೊಳಗೆ ಓಡೋದು ಹೆಗ್ಗಣ ಕಣೋ, ಮೊದಲು ಸಾರು ಹಾಕ್ಕೋ ಎಂದೆ ನಾನು. ಎಷ್ಟು ನಕ್ಕಿದ್ದ. ಆಮೇಲೆ ಒಂದು ದಿನ ಮುಖ ಬಾಡಿಸಿಕೊಂಡು ಬಂದ, ತೀರ್ಥಹಳ್ಳಿ ಕಡೆಯ ಮುಕುಂದಯ್ಯ ಹೆಗ್ಗಡೆಯವರು ನಮ್ಮ ಮನೆ ಹೆಂಗಸರು ರಸ್ತೇಲಿ ನಿಂತು ಮೋಟಾರು ಕಾಯೋರಲ್ಲ ಅಂದುಬಿಟ್ಟರಂತೆ, ದೊಡ್ಡವರೇ ಹಾಗೆಂದ ಮೇಲೆ ಉಳಿದವರು ಕೈ ಬಿಚ್ಚುತ್ತಾರೆಯೇ, ನಾನು ತಂಬಿಗೆ ಬೆಳಗುತ್ತಿದ್ದೆ, ಹುಣಸೆಹಣ್ಣು ಹಾಕಿ, ಬೆಳಗಿದ ತಂಬಿಗೆ ಎತ್ತಿ ತೋರಿಸಿ ಹೇಳಿದೆ, ಇಷ್ಟಕ್ಕೆ ಅಳ್ತೀಯಲ್ಲೋ, ಇದನ್ನ ದಣಪೆ ಮೇಲೆ ಕವುಚಿಡ್ಲಿ, ಇದು ಕಂಡ್ರೆ ಮೋಟಾರು ನಿಲ್ಲತ್ತೆ, ಅವರು ಬರೋ ತನಕ ಕಾಯತ್ತೆ ಅನ್ನು, ಹೆಂಗೆ ಷೇರು ಹಾಕಲ್ಲ ನೋಡ್ತೀನಿ. ಹಾಕಿದರು. ಮುಗಿಬಿದ್ದು ಹಾಕಿದರು. ತಂಬಿಗೆಗೆ ಷೇರು ಹಾಕಿದರೇ ಹೊರತು ಮೋಟಾರಿಗಲ್ಲ, ಮೊದಲ ದಿನ ಗಾಡಿಗೆ ಮಾವಿನ ತೋರಣ ಕಟ್ಟಿದಾಗ ನನ್ನನ್ನೇ ಮುಂದಿನ ಸೀಟಿನಲ್ಲಿ ಕೂರಿಸಿದ್ದ, ಅಕ್ಕ, ಇದು ನಿನ್ನ ಮೋಟಾರು ಅಂದಿದ್ದ, ಆ ಹೆಮ್ಮೆ ನನಗೆ ಒಂದೆರಡು ದಿನದ್ದಲ್ಲ, ಮೈಗೇ ಹತ್ತಿಬಿಟ್ಟಿತು.

ಬಂದ, ಅಂತೂ ಬಂದ ಸೀತಾರಾಮಪ್ಪ, ನಶ್ಯದ ಡಬ್ಬಿ ಮರೆತೆ ಎಂದು ಮತ್ತೆ ಒಳಗೆ ಹೋದ, ಮತ್ತೆ ಬಂದ, ಬಸ್ಸು ಹೊರಟಿತು, ಬಿಸಿಲು ಕಿಟಕಿಯ ಈ ಕಡೆಗೆ ಬಂತು, ಕಡುಬು — ಬೆಚ್ಚಗಿದೆ, ಬಿಸಿಯಿಲ್ಲ, ಬೆಚ್ಚಗಿದೆ. ಸಾಗರದ ರೈಲಾದರೂ ತಡವಾಗಬಾರದೇ, ಒಂದೊಂದು ದಿನ ಆಗುತ್ತದಂತೆ, ಎಂಜಿನ್ನಿಗೆ ನೀರು ಸಾಲದೆಯೋ ದನ ಅಡ್ಡ ಬಂದೋ, ಇವತ್ತು ಒಂದು ದನ ಅಡ್ಡ ಬರಲಿ, ಸಾಯುವುದು ಬೇಡ, ಸುಮ್ಮನೆ ಮಲಗಲಿ ಹಳಿಯ ಮೇಲೆ. ಆ ಸಭೆಯ ದಿನವೂ ಹೀಗೇ ಬಿಸಿಲು, ನಮ್ಮ ಮನೆಯ ಜಗಲಿಯಲ್ಲೇ ಸೇರಿತ್ತು ಸಂಘದ ಸಭೆ, ಹೆಂಗಸರು ನಾವು ಬಾಗಿಲ ಹಿಂದೆ, ಪುಷ್ಪದಂತ ಎದ್ದು ನಿಂತ, ತಂಬಿಗೆ ಕಟ್ಟಳೆ ಇವತ್ತಿಗೆ ನಿಲ್ಲಿಸೋಣ ಎಂದ, ಜನ ಗಾಡಿ ನಂಬೋದು ಬಿಟ್ಟಿದಾರೆ, ಟಿಕೆಟಿನ ದುಡ್ಡು ಟೈರಿನ ತೇಪೆಗೂ ಸಾಲಲ್ಲ, ಹೊತ್ತಿಗೆ ಸರಿಯಾಗಿ ಬಂದ್ರೆ ತಾನೇ ಬೇರೆಯೋರು ಹತ್ತೋದು, ರೈಲು ತಪ್ಪಿ ಸಾಗರದ ಸ್ಟೇಷನ್ನಿನಲ್ಲಿ ಬಸುರಿ ಹೆಂಗಸು ಒಂದಿಡೀ ದಿನ ನರಳಿದಳು, ನಿಮಗೆ ಗೊತ್ತಲ್ಲ, ನಾವು ದಾರೀಲಿ ಗಾಡಿ ನಿಲ್ಲಿಸಿದ್ದು ಯಾಕೆ ಅಂತಾನೂ ಗೊತ್ತಲ್ಲ. ಎಲ್ಲರೂ ನಮ್ಮ ಮನೆಯವರ ಮುಖ ನೋಡಿದರು, ಹೊಸನಗರದಲ್ಲಿ ಜವಳಿ ಅಂಗಡಿ ಇಟ್ಟವರು, ಇದ್ದುದರಲ್ಲಿ ಹೆಚ್ಚು ಷೇರು ಇವರದೇ, ಇವರು ತಿರುಗಿ ಬಾಗಿಲ ಕಡೆ ನೋಡಿದರು, ನನ್ನನ್ನು. ನಾನು ತಲೆ ಆಡಿಸಿದೆ, ಇಲ್ಲ ಎಂದು. ಅಷ್ಟೇ ಮಾಡಿದ್ದು. ಇವರು ಬೇಡ ಎಂದರು, ಎಲ್ಲರೂ ಬೇಡ ಎಂದರು, ಮುಗಿಯಿತು. ಅವನು ಒಳಗೆ ಬಂದ, ಯಾಕಕ್ಕ ಎಂದು ಕೇಳಿದ, ಜೋರಾಗಿಯೂ ಅಲ್ಲ, ನಾನೇ ಜೋರು ಮಾಡಿದೆ, ಆ ತಂಬಿಗೆ ಇಲ್ದಿದ್ರೆ ನಿನಗೆ ಮೋಟಾರೆಲ್ಲಿತ್ತೋ, ನನ್ನ ತಂಬಿಗೇನೇ ಕೆಳಗಿಳಿಸೋಕೆ ಬಂದ್ಯಾ, ಹೋಗು, ನೆಲದೊಳಗೆ ಓಡ್ಸು ನಿನ್ನ ಮೋಟಾರು. ಹೋದ. ಚಪ್ಪಲಿ ಮೆಟ್ಟಿಕೊಂಡು ಹೋದವನು ಮತ್ತೆ ನಮ್ಮ ದಣಪೆ ದಾಟಲಿಲ್ಲ, ದೀಪಾವಳಿಗೂ ಬರಲಿಲ್ಲ, ನಾನೂ ಕರೆಯಲಿಲ್ಲ, ಬಂದರೆ ಬರಲಿ ಬಿಟ್ಟರೆ ಬಿಡಲಿ ಎಂದು ಅವನ ಪಾಲಿನ ಪಾಯಸವನ್ನು ಆಳಿಗೆ ಕೊಟ್ಟೆ. ಈಗ ತಿಳಿಯುತ್ತದೆ, ಆ ಲಂಡನ್ನಿನ ರೈಲು ಹೊತ್ತಿಗೆ ಸರಿಯಾಗಿ ಯಾಕೆ ಓಡುತ್ತದೆ ಎಂದು, ನೆಲದಡಿಯಲ್ಲಿ ಯಾರ ಮನೆಯ ದಣಪೆಯೂ ಇರುವುದಿಲ್ಲ, ಅದಕ್ಕೆ. ಇದನ್ನೂ ಅವನಿಗೆ ಹೇಳಬೇಕು. ನಗುತ್ತಾನೆ.

ಬಟ್ಟೆಮಲ್ಲಪ್ಪ ದಾಟಿತು, ಇನ್ನೊಂದು ದಣಪೆ, ಇನ್ನೊಂದು ತಂಬಿಗೆ, ಒಳಗಿನಿಂದ ಮುದುಕರೊಬ್ಬರು ಬಂದು ಇವತ್ತು ಯಾರೂ ಹೊರಡಲ್ಲ, ಸೊಸೆ ತೆಗೆಯೋದು ಮರೆತಿದಾಳೆ ಎಂದರು, ಆರಾಮಾಗಿ ಎಂದರು, ಮಾಸ್ತಪ್ಪ ಸೀಟಿ ಊದಿದ, ಅವನು ನನ್ನ ಕಡೆ ನೋಡುತ್ತಿಲ್ಲ, ಬೆಳಿಗ್ಗೆಯಿಂದಲೂ ನೋಡುತ್ತಿಲ್ಲ. ಬೆಳಿಗ್ಗೆ — ಬೇಡ. ಬೇಡ ಎಂದರೆ ಬಿಡುತ್ತದೆಯೇ ಮನಸ್ಸು. ಕತ್ತಲಲ್ಲಿ ಒಲೆ ಹಚ್ಚಿ ಬೇಯಿಸಿದ್ದನ್ನು ಪುಷ್ಪದಂತ ಮುಟ್ಟುವುದಿಲ್ಲ, ದೀಕ್ಷೆಗೆ ಹೊರಟವನು, ಹುಳುಹುಪ್ಪಟೆ ಬಿದ್ದ ಪಾಪ ಅವನಿಗೆ ತಿನ್ನಿಸಲೇ ನಾನು, ಹಾಗಾಗಿ ಸೂರ್ಯ ಕಾಣುವ ತನಕ ಕಾದು ಕೂತೆ, ಸೌತೆಕಾಯಿ ತುರಿದು, ಬೆಲ್ಲ ಕುಟ್ಟಿ, ಅಕ್ಕಿತರಿ ಪಕ್ಕಕ್ಕಿಟ್ಟು, ಬಿಸಿಲು ಅಂಗಳಕ್ಕೆ ಬಿದ್ದ ಮೇಲೆಯೇ ಒಲೆ ಹಚ್ಚಿದ್ದು, ಕಡುಬು ಹಬೆಗಿಟ್ಟೆ, ಹಬೆಯಲ್ಲಿ ಬೇಯುವುದಕ್ಕೆ ಅವಸರ ಹೇಳಿದರೆ ಕೇಳುತ್ತದೆಯೇ, ಆಗಲೇ ದೂರದಲ್ಲಿ ಮೋಟಾರಿನ ಹಾರನ್ನು. ಕೈ ತಾನಾಗಿ ಹೋಯಿತು. ಯೋಚನೆಯನ್ನೇ ಮಾಡಲಿಲ್ಲ, ತಂಬಿಗೆ ತೆಗೆದುಕೊಂಡು ಓಡಿ ಹೋಗಿ ಕವುಚಿ ಬಂದೆ, ಬಂದು ಒಲೆ ಊದಿದೆ. ಮಾಸ್ತಪ್ಪ ಅಡುಗೆಮನೆಯ ಬಾಗಿಲಿಗೇ ಬಂದ, ಅಮ್ಮಾ, ಹೊರಡಣ್ವಾ, ಇವತ್ತು ರೈಲು. ಕಡುಬು ಬೇಯ್ಲಿ ಮಾರಾಯ, ನನ್ನ ಬಿಟ್ಟು ಎಲ್ಲಿ ಓಡತ್ತೆ ನಿನ್ನ ಮೋಟಾರು ಎಂದೆ. ಕಡುಬಿಲ್ದೆ ಹೋದ್ರಾಗಲ್ವಾ ಅಮ್ಮಾ ಎಂದು ಕೇಳಿದ, ಪಾಪ, ಎರಡು ಸಲ ಕೇಳಿದ, ಬರಿಗೈಯಲ್ಲಿ ಹೋಗ್ಲಾ ತಮ್ಮನ್ನ ನೋಡೋಕೆ ಎಂದು ಗದರಿದೆ. ಬಸ್ಸಿನ ಜನವೆಲ್ಲ ಬಿಸಿಲಲ್ಲಿ ಕೂತಿತ್ತು, ಕೋಳಿಬುಟ್ಟಿಯವಳೂ ಕೂತಿದ್ದಳು, ಸೀತಾರಾಮಪ್ಪ ಮಿಂದದ್ದಕ್ಕಿಂತ ಹೆಚ್ಚು ಹೊತ್ತು, ಎಷ್ಟೋ ಹೆಚ್ಚು ಹೊತ್ತು, ದಾರಿಯುದ್ದಕ್ಕೂ ಬೇರೆಯವರ ದಣಪೆ ನೋಡಿ ಶಾಪ ಹಾಕಿಕೊಂಡು ಬಂದೆನಲ್ಲ, ಎಂಥ ಹೆಂಗಸು ನಾನು. ಇಲ್ಲ, ಸಿಗುತ್ತಾನೆ, ರೈಲು ತಡವಾಗಿರುತ್ತದೆ, ಅದೋ ಪೇಟೆ, ಅದೋ ಸ್ಟೇಷನ್ನಿನ ಹೆಂಚಿನ ಮಾಡು, ಹೊಗೆ ಕಾಣುತ್ತಿದೆ, ಹೊಗೆ ಇದ್ದರೆ ಎಂಜಿನ್ನೂ ಇದೆ, ಇಳಿದೆ, ಓಡಿದೆ, ಈ ವಯಸ್ಸಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ, ಹೊಗೆ ಇತ್ತು, ಮರಗಳ ತಲೆಯ ಮೇಲೆ, ದೂರದಲ್ಲಿ, ಶಿವಮೊಗ್ಗದ ದಿಕ್ಕಿಗೆ.

ಪ್ಲಾಟ್‌ಫಾರಮ್ಮಿನಲ್ಲಿ ಪೋರ್ಟರ್ ಭೂತಪ್ಪ ಒಬ್ಬನೇ, ಕೈಗಾಡಿ ದೂಡುತ್ತಿದ್ದವನು ನನ್ನನ್ನು ಕಂಡು ನಿಂತ, ಬಂದ್ರಾ ಅಮ್ಮಾ, ಈಗಷ್ಟೇ ಹೋಯ್ತಲ್ಲ, ನಿಮ್ಮ ತಮ್ಮನೋರು ಬೆಳಗಾಗೋದ್ರೊಳಗೆ ಬಂದಿದ್ರು, ಅಲ್ಲೇ ಆ ಕಲ್ಲಿನ ಮೇಲೆ ಕೂತು ರಸ್ತೆ ನೋಡ್ತಿದ್ರು, ಗಾರ್ಡು ಹಸಿರು ಬಾವುಟ ಎತ್ತಿದ ಮೇಲೂ ಬಾಗಿಲಲ್ಲೇ ನಿಂತಿದ್ರು. ಏನಾದ್ರೂ ಅಂದ್ನಾ ಎಂದು ಕೇಳಿದೆ, ಕೇಳಬಾರದಿತ್ತು. ನಾನೇ ಅಂದೆ ಅಮ್ಮಾ, ಮೋಟಾರು ಎಲ್ಲೋ ತಂಬಿಗೆ ಮುಂದೆ ನಿಂತಿರ್ಬೇಕು, ಅಕ್ಕೋರು ಬಂದೇ ಬರ್ತಾರೆ ಅಂತ, ಅದಕ್ಕೆ ನಿಮ್ಮ ತಮ್ಮನೋರು, ಬೇರೆಯೋರು ಎಷ್ಟು ನಿಲ್ಸಿದ್ರೂ ಜಟ್ಟಿಂಗಪ್ಪ ರೈಲಿಗೆ ಹೆಂಗೋ ಮುಟ್ಟಿಸ್ತಾನೆ, ಅಕ್ಕನ ಮನೆ ಮುಂದೆ ನಿಂತ್ರೆ ಮಾತ್ರ ಮುಟ್ಟಲ್ಲ, ಬರೋ ಮನಸ್ಸಿದ್ರೆ ಅಕ್ಕ ಇವತ್ತೊಂದು ದಿನ ತಂಬಿಗೆ ಇಡ್ತಿರಲಿಲ್ಲ ಭೂತಪ್ಪ, ಬಿಡು, ಅವಳ ಕೋಪ ಹೋಗಿಲ್ಲ ಅಂದ್ರು. ಅಷ್ಟೇ ಅಂದ್ರಾ. ಅಷ್ಟೇ ಅಮ್ಮಾ, ಆಮೇಲೆ ಬಾಗಿಲು ಹಾಕ್ಕೊಂಡ್ರು. ಕೋಪ ಇಲ್ಲ ಕಣೋ, ಕೋಪ ಎಲ್ಲಿತ್ತು, ಕಡುಬು ಬೇಯಲಿಲ್ಲ, ಅಷ್ಟೇ, ನಿನಗೆಂದೇ ಬಿಸಿಲು ಬಿದ್ದ ಮೇಲೆ ಹಚ್ಚಿದ್ದು ಒಲೆ, ಯಾರಿಗೆ ಹೇಳಲಿ, ಹಳಿಗೆ ಹೇಳಲೇ, ಆ ಕಲ್ಲಿನ ಮೇಲೆ ಕೂತೆ, ಅವನು ಕೂತ ಕಲ್ಲು, ಮಡಿಲಲ್ಲಿ ಗಂಟು, ಮುಟ್ಟಿ ನೋಡಿದೆ, ತಣ್ಣಗಾಗಿದೆ. ಸಂಜೆ ಇದೇ ಮೋಟಾರು ತಿರುಗಿ ಹೋಗುತ್ತದೆ, ಹೋಗಬೇಕು, ಇವರು ಅಂಗಡಿಯಲ್ಲೇ ಇರುತ್ತಾರೆ, ಮನೆಗೆ ಬೀಗ, ಹೊರಡುವ ಗಡಿಬಿಡಿಯಲ್ಲಿ ಗಂಟು ಎತ್ತಿಕೊಂಡೆ, ಬೀಗ ಹಾಕಿದೆ, ದಣಪೆ ದಾಟಿ ಬಸ್ಸು ಹತ್ತಿದೆ — ತೆಗೆದೆನೇ, ತೆಗೆಯಲಿಲ್ಲ, ಇದೆ, ಅಲ್ಲೇ ಇದೆ, ಬೀಗ ಹಾಕಿದ ಮನೆಯ ಮುಂದೆ, ಬರುವವರು ಯಾರೂ ಇಲ್ಲದೆ, ದಣಪೆಯ ಮೇಲೆ, ಕವುಚಿದ ತಂಬಿಗೆ, ಬಿಸಿಲಿಗೆ ಹೊಳೆಯುತ್ತ, ನನ್ನ ತಂಬಿಗೆ