ಕಾರ್ಬುರೇಟರಿನೊಳಗಿನ ಹಳದಿ

ಮಾಳಸಿದ್ದ ಮೂರನೆಯ ಸಲ ಅದೇ ಹುಲ್ಲು ಕೊಯ್ಯುವ ಮಷಿನ್ನನ್ನು ತಂದು ನನ್ನ ಗ್ಯಾರೇಜಿನ ಮುಂದೆ ಇಳಿಸಿದಾಗ ನನಗೆ ಸಿಟ್ಟೇ ಬಂತು. ನಾನು ಕೈಯಿಟ್ಟ ಎಂಜಿನ್ನು ಹೀಗೆ ಹೊಸ ಮದುವಣಗಿತ್ತಿ ತವರಿಗೆ ಓಡಿಬಂದ ಹಾಗೆ ಮತ್ತೆ ಮತ್ತೆ ಬಂದರೆ ನಿಪ್ಪಾಣಿಯ ಮಂದಿ ಸುಮ್ಮನಿರುತ್ತಾರೆಯೇ? ಮೊದಲೇ ಹೆಂಗಸು ನಟ್ಟು ಬಿಚ್ಚುವ ಪಾನಾ ಹಿಡಿದಿದ್ದಾಳೆ ಅಂತ ನಗಲು ಕಾಯುತ್ತಿರುತ್ತಾರೆ.

"ಸುರು ಆಗತೈತ್ರಿ ವೈನಿ. ನಾಕ ಹೆಜ್ಜಿ ನಡೀತೈತಿ, ಗಕ್ಕನ ನಿಲ್ಲತೈತಿ," ಅಂದ.

ಮಾಳಸಿದ್ದನದು ಕುರಿ ಕಾಯುವ ಮನೆತನ. ಹಿಂಡನ್ನು ಅಣ್ಣನಿಗೆ ಬಿಟ್ಟು, ಇವನು ಊರ ಹೊರಗೆ ಮದುವೆ ನಡೆಯುವ ಹುಲ್ಲುಹಾಸಿನ ಲಾನಿನಲ್ಲಿ ಕೆಲಸಕ್ಕೆ ಸೇರಿದ್ದ. ಹುಲ್ಲು ಮೇಯಿಸಿದ ಕೈಗೆ ಹುಲ್ಲು ಕೊಯ್ಯುವ ಕೆಲಸ. ಅವನ ತಾಯಿ ಸಾವಿತ್ರೆವ್ವ ಅಲ್ಲೇ ಕಸ ಹೊಡೆಯುತ್ತಿದ್ದಳು.

ನಾನಿನ್ನೂ ಸ್ಕ್ರೂ ಬಿಚ್ಚಿರಲಿಲ್ಲ, ಲಾನಿನ ಮಾಲೀಕ ವಿಕ್ರಾಂತ ಮೋಟರ್‌ಸೈಕಲ್ ತಂದು ನಿಲ್ಲಿಸಿದ.

"ಕಾಯ್ ಝಾಲಂ, ಏನಾತು ಉಜ್ವಲಾತಾಯಿ? ಏನ ಐತಿ ಅದರಾಗ ಅಂತ ಈ ಸಲ ನನಗ ಗೊತ್ತಾಗಬೇಕು. ಈ ಮಾಳ್ಯಾ ಪೆಟ್ರೋಲ್ ಮಾರ್ಕೊಂಡು ಅದಕ್ಕ ಏನರೆ ಬೆರಸಾಕತ್ತಾನ ಅಂತ ನನಗ ಸಂಶೆ. ಖರೆ ಆದ್ರ ನಾಳಿಂದ ಬರೂದ ಬ್ಯಾಡ. ಮತ್ತ ಯಾರೂ ಕೆಲಸ ಕೊಡದಂಗ ಊರಾಗ ಹೇಳ್ತೀನಿ."

ಅವನು ಹೋದ ಮೇಲೆ ಮಾಳಸಿದ್ದ ನೆಲ ನೋಡುತ್ತ ಕುಂತುಬಿಟ್ಟ.

ನನಗೊಂದು ಕೆಟ್ಟ ಚಟವಿದೆ. ಕೆಟ್ಟದ್ದು ಸರಿಹೋದರೆ ಗಿರಾಕಿಗೆ ಸಾಕು, ಯಾಕೆ ಕೆಟ್ಟಿತು ಅಂತ ತಿಳಿಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. "ಎಂಜಿನ್ ಕೂಡನೂ ಪಂಚಾಯ್ತಿ ಮಾಡ್ತಿ ನೋಡು" ಅಂತ ನನ್ನ ಗಂಡ ನಗುತ್ತಾನೆ. ಆದರೆ ಹಿಂದಿನ ಎರಡು ಸಲ ಬೆಳೆಗೆ ಔಷಧ ಹೊಡೆಯುವ ಪಂಪುಗಳ ಸಾಲೇ ಕಾದಿತ್ತು. ಗಡಿಬಿಡಿಯಲ್ಲಿ ತೊಳೆದು, ಪೆಟ್ರೋಲ್ ಕ್ಯಾನಿನ ಕಸ ಅಂತ ಮಾಳಸಿದ್ದನಿಗೇ ಬೈದು ಕಳಿಸಿದ್ದೆ. ಪಾಪ, ಹೊಸ ಕ್ಯಾನು ಕೊಂಡಿದ್ದ.

ಈ ಸಲ ಅವಸರ ಮಾಡಲಿಲ್ಲ. ಎಂಜಿನ್ನಿಗೆ ಪೆಟ್ರೋಲು ಗಾಳಿ ಕಲಸಿ ಉಣಿಸುವುದು ಕಾರ್ಬುರೇಟರ್. ಅದರ ತಳಕ್ಕೊಂದು ಪುಟ್ಟ ಬಟ್ಟಲು, ಒಳಗೆ ಸೂಜಿಮೊನೆ ಹೋಗುವಷ್ಟು ತೂತಿನ ಜೆಟ್. ತೂತು ಕಟ್ಟಿದರೆ ಎಂಜಿನ್ನಿಗೆ ಉಪವಾಸ. ಬಟ್ಟಲನ್ನು ಮೆಲ್ಲಗೆ ಬಿಚ್ಚಿ ಬಿಸಿಲಿಗೆ ಹಿಡಿದೆ. ತಳದಲ್ಲಿ ಹಳದಿ ರಾಡಿ ಕುಂತಿತ್ತು.

ತುಕ್ಕಾದರೆ ಕೆಂಪಗಿರಬೇಕು. ಹಳೆ ಪೆಟ್ರೋಲು ಒಣಗಿದರೆ ಅಂಟಂಟಾಗಿರಬೇಕು. ಇದೇನಿದು? ಮೂಸಿದೆ, ಬರೀ ಪೆಟ್ರೋಲಿನ ವಾಸನೆ. ಕಾಗದದ ಮೇಲೆ ಹರಡಿ ಒಣಗಿಸಿದೆ, ನುಣ್ಣನೆಯ ಪುಡಿಯಾಯಿತು. ಬೆರಳಿಗೆ ಹತ್ತಿದ ಬಣ್ಣ ಸಾಬೂನು ಹಚ್ಚಿದರೂ ಬಿಡಲಿಲ್ಲ. ಆಗ ತಲೆಯಲ್ಲಿ ಏನೋ ಹೊಳೆಯಿತು.

"ಮಾಳಸಿದ್ದಾ, ನಿನ್ನ ಸುಣ್ಣದ ಡಬ್ಬಿ ಕೊಡು."

ತಂಬಾಕಿನ ಊರಲ್ಲಿ ಸುಣ್ಣದ ಡಬ್ಬಿಗೇನು ಬರ! ಸೊಂಟದಿಂದ ತೆಗೆದು ಕೊಟ್ಟ. ಪುಡಿಗೆ ಚೂರು ಸುಣ್ಣ, ಒಂದು ಹನಿ ನೀರು ಹಾಕಿ ಅಂಗೈಯಲ್ಲಿ ತಿಕ್ಕಿದೆ. ನೋಡನೋಡುತ್ತ ಕೆಂಪು ಓಕುಳಿಯಾಯಿತು.

"ಅರಿಷಿಣ!" ಎಂದು ಕೂಗಿಯೇಬಿಟ್ಟೆ. ಕುಣಿಯುವಷ್ಟು ಖುಷಿ ನನಗೆ. ಆದರೆ ಮಾಳಸಿದ್ದನ ಮುಖ ನೋಡಿ ನನ್ನ ನಗು ಅಲ್ಲೇ ನಿಂತಿತು.

"ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ ವೈನಿ," ಅಂದ. "ನಮ್ಮ ಅವ್ವನ ಕೆಲಸ ಇದು. ಕುರಿಗಿ ಜಡ್ಡ ಬಂದ್ರ ಬೀರದೇವರ ಹೆಸರ ಹೇಳಿ ಬಾಯಾಗ ಭಂಡಾರ ಹಾಕ್ತಿದ್ಲು. ಇದಕ್ಕೂ ಹಾಕ್ಯಾಳ."

ಕುರಿ ಕಾಯುವವರ ದೇವರಾದ ಬೀರದೇವರ ಗುಡಿಯ ಅರಿಷಿಣದ ಪುಡಿಯೇ ಭಂಡಾರ. ಈಗ ನನಗೆ ಇಡೀ ಕತೆ ಬಿಚ್ಚಿಕೊಂಡಿತು. ಮೊದಲು ಮಷಿನ್ ಚೆನ್ನಾಗಿರಲಿ ಅಂತ ಪೆಟ್ರೋಲ್ ಟ್ಯಾಂಕಿಗೆ ಒಂದು ಚಿಟಿಕೆ ಹಾಕಿದ್ದಾಳೆ. ಅದು ನಿಂತಿದೆ. ಜಡ್ಡಾಯಿತು ಅಂತ ಮತ್ತಷ್ಟು ಹಾಕಿದ್ದಾಳೆ. ನಾನು ತೊಳೆದು ಕಳಿಸಿದ್ದೇನೆ, ಅದು ಓಡಿದೆ. ಭಂಡಾರ ಫಲಿಸಿತು ಅಂತ ಮುದುಕಿ ಮುಂದಿನ ಸಲ ಮುಷ್ಟಿ ತುಂಬ ಸುರಿದಿದ್ದಾಳೆ!

"ಅವ್ವಗ ತಿಳಿಸಿ ಹೇಳು."

"ಹೆಂಗ ಹೇಳ್ಲಿರಿ? ಮಗನ ಅನ್ನಕ್ಕ ತನ್ನ ಕೈಲೆ ಕಲ್ಲ ಬಿತ್ತು ಅಂತ ಗೊತ್ತಾದ್ರ ಉಣ್ಣೂದ ಬಿಡ್ತಾಳ. ನಂದ ತಪ್ಪ ಅಂತೀನಿ."

"ಕಳ್ಳ ಅನಸ್ಕೊಂತಿ ಏನ ಹುಚ್ಚಾ?"

"ಅನಸ್ಕೊಂತೀನಿ."

ಜೆಟ್ಟಿನ ತೂತಿಗೆ ತಾಮ್ರದ ಎಳೆ ಹಾಯಿಸಿ, ಟ್ಯಾಂಕು ತೊಳೆದು ಎಲ್ಲ ಜೋಡಿಸಿದೆ. ಬಾಯಿ ಮುಚ್ಚಿಕೊಂಡಿರಬೇಕು ಅಂತ ನನಗೆ ನಾನೇ ಹೇಳಿಕೊಳ್ಳುತ್ತ ಅವನ ಜೊತೆಗೇ ಲಾನಿಗೆ ಹೋದೆ.

ವಿಕ್ರಾಂತ ಅಂಗಳದಲ್ಲೇ ನಿಂತಿದ್ದ. ಸಾವಿತ್ರೆವ್ವ ಮೆಟ್ಟಿಲು ಗುಡಿಸುತ್ತಿದ್ದಳು.

"ಏನ ಸಿಕ್ತು?"

"ನಂದ ತಪ್ಪರಿ ಮಾಲಕರ," ಎಂದು ಮಾಳಸಿದ್ದ ತಲೆ ತಗ್ಗಿಸಿದ.

"ನೋಡಿದ್ರ್ಯಾ ತಾಯಿ! ಕಳ್ಳ ತಾನ ಒಪ್ಕೊಂಡ. ನಡಿ, ಕೀಲಿ ಕೊಟ್ಟ ಹೊಂಡು."

ಆ ಮಾತಿಗೆ ಸಾವಿತ್ರೆವ್ವನ ಕಸಬರಿಗೆ ನಿಂತಿತು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. "ಕಳ್ಳತನ ಏನಿಲ್ರಿ, ಅದರಾಗ ಇದ್ದದ್ದು ಅರಿಷಿಣ!" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಬರೇ ಅರಿಷಿಣ ಅನಬ್ಯಾಡ ಬೇ ತಂಗಿ," ಎಂದು ಸಾವಿತ್ರೆವ್ವ ಜಂಬದಿಂದಲೇ ಮುಂದೆ ಬಂದಳು. "ಬೀರದೇವರ ಭಂಡಾರ ಅದು. ನಾನ ಹಾಕೇನಿ. ಅದಕ್ಕಂತನ ಅದು ಮತ್ತ ಮತ್ತ ಎದ್ದ ನಿಲ್ಲಾಕತ್ತೈತಿ."

ಆಕೆ ನನ್ನ ಮುಖ ನೋಡಿದಳು, ಮಗನ ತಗ್ಗಿದ ತಲೆ ನೋಡಿದಳು. ನನ್ನ ಅಂಗೈಯಲ್ಲಿ ಇನ್ನೂ ಉಳಿದಿದ್ದ ಕೆಂಪನ್ನೂ ನೋಡಿದಳು. ಕುರಿಯ ಕಣ್ಣು ನೋಡಿ ಜಡ್ಡು ಹೇಳುವ ಹೆಂಗಸಿಗೆ ಇಷ್ಟು ತಿಳಿಯಲು ಎಷ್ಟು ಹೊತ್ತು ಬೇಕು?

"ಅದಕ್ಕ... ನಿಲ್ಲತಿತ್ತೇನ?" ಅಂದಳು. ದನಿ ಇಳಿದಿತ್ತು.

"ಹೌದಬೇ ಆಯಿ," ಅಂದೆ. ಸುಳ್ಳು ಹೇಳಲು ಆಗಲಿಲ್ಲ.

ಸಾವಿತ್ರೆವ್ವ ಕಸಬರಿಗೆ ಕೆಳಗಿಟ್ಟು ವಿಕ್ರಾಂತನ ಎದುರಿಗೆ ಬಂದು ನಿಂತಳು. "ಕಳ್ಳ ಅಲ್ರಿ ನನ್ನ ಮಗಾ. ಹಾಳ ಮಾಡಿದಾಕಿ ನಾನ. ಬಿಡಸೂದಾದ್ರ ನನ್ನ ಬಿಡಸ್ರಿ."

ವಿಕ್ರಾಂತ ಮುಖ ಒರೆಸಿಕೊಂಡ. "ನಂದ ಚೂಕ ಆತು, ತಪ್ಪಾತು ಆಯಿ," ಎಂದವನು ಮಾಳಸಿದ್ದನ ಕಡೆ ತಿರುಗಿದ. "ಸುರು ಮಾಡಪಾ. ಸಂಜಿಕ ಬೀಗರ ಬರತಾರ."

ಮಾಳಸಿದ್ದ ಹಗ್ಗ ಎಳೆದ. ಎಂಜಿನ್ನು ಹಿಡಿಯಿತು. ನಾಲ್ಕು ಹೆಜ್ಜೆ ದಾಟಿತು, ಹತ್ತು ದಾಟಿತು, ನಿಲ್ಲಲಿಲ್ಲ.

ಸಾವಿತ್ರೆವ್ವ ರೂಢಿಯಂತೆ ಸೊಂಟದ ಚೀಲಕ್ಕೆ ಕೈ ಹಾಕಿ ಮುಷ್ಟಿ ತುಂಬ ಭಂಡಾರ ತೆಗೆದಿದ್ದಳು. ತೆಗೆದ ಮೇಲೆ ಎಲ್ಲಿ ಹಾಕಬೇಕು ಅಂತ ತಿಳಿಯದೆ ಹಾಗೇ ನಿಂತಳು. ಮಗ ಸುತ್ತು ಹಾಕಿ ಹತ್ತಿರ ಬಂದಾಗ ಅಡ್ಡ ಬಂದು ತಡೆದಳು. ಅವನು ಹಿಡಿಕೆ ಬಿಡದೆಯೇ ತಲೆ ಬಾಗಿಸಿದ. ಅಷ್ಟೂ ಭಂಡಾರವನ್ನು ಅವನ ನೆತ್ತಿಯ ಮೇಲೆ ಸುರಿದು, ಎಂಜಿನ್ನಿನ ಸದ್ದು ಮೀರಿ ಕೂಗಿ ಹೇಳಿದಳು:

"ಬೇಡ್ಕೊಂಡದ್ದು ನಿನ್ನ ಸಲುವಾಗಿನ ಇತ್ತೋ ನನ್ನಪ್ಪಾ. ಹಾಕಿದ್ದು ಮಾತ್ರ ಅದರ ಬಾಯಾಗ."